ಬೆನ್ನು ಬಗ್ಗಿಸಿ ತೆಗೆಸಿದ ಫೋಟೋ

ವಲಸೆ ಇಲಾಖೆಯ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ಮಗಳು ಬೆಳೆಯುತ್ತಿದ್ದಾಳೆ. ಇದೇ ನಿಮ್ಮ ಮೇಲೆ ನನ್ನ ದೂರು.

ಬೇರೆ ಯಾವ ಮನೆಯಲ್ಲಾದರೂ ಈ ಮಾತಿಗೆ ಜನ ಸಂತೋಷಪಡುತ್ತಾರೆ. ನಮ್ಮಲ್ಲಿ ಎದೆ ಧಸಕ್ಕೆನ್ನುತ್ತದೆ. ಬರುವ ಚಳಿಗಾಲಕ್ಕೆ ಅವಳಿಗೆ ಹದಿನೆಂಟು ತುಂಬುತ್ತದೆ. ಆ ದಿನ ಬೆಳಗ್ಗೆ ನಿಮ್ಮ ನಿಯಮದ ಪ್ರಕಾರ ಅವಳು 'ಅವಲಂಬಿತ ಮಗು' ಎಂಬ ವರ್ಗದಿಂದ ಹೊರಬೀಳುತ್ತಾಳೆ. ಅವಳಿಗೆ ಹದಿಮೂರಿದ್ದಾಗ, ಅವಳನ್ನು ನನ್ನ ಬಳಿಗೆ ಕರೆಸಿಕೊಳ್ಳಲು ನಾನು ಹಾಕಿದ ಅರ್ಜಿ ತಾನಾಗಿಯೇ ರದ್ದಾಗುತ್ತದೆ. ಆಮೇಲೆ ಅವಳು ವಯಸ್ಕಳಾಗಿ ಇನ್ನೊಂದು ಸಾಲಿನ ಬಾಲದಲ್ಲಿ ಹೋಗಿ ನಿಲ್ಲಬೇಕು. ಆ ಸಾಲಿನಲ್ಲಿ ನಿಂತವರ ತಲೆ ನರೆತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಅರ್ಜಿಯಲ್ಲಿ ಒಂದು ತಪ್ಪೂ ಇರಲಿಲ್ಲ. ಸಂದರ್ಶನವೂ ಮುಗಿದಿತ್ತು. "ಎಲ್ಲಾ ಸರಿಯಾಗಿದೆ, ಇನ್ನು ಒಂದು ಸಹಿ ಅಷ್ಟೇ" ಎಂದು ನಿಮ್ಮ ಅಧಿಕಾರಿಯೇ ನಗುನಗುತ್ತಾ ಹೇಳಿ ಕಳಿಸಿದ್ದರು. ಆ ಸಹಿ ಬೀಳುವ ಮೊದಲು ನಿಮ್ಮ ಸುತ್ತೋಲೆ ಬಿತ್ತು. ಇಂತಿಂಥ ದೇಶಗಳಲ್ಲಿ ಹುಟ್ಟಿದವರ ಅರ್ಜಿಗಳನ್ನೆಲ್ಲ 'ತಾತ್ಕಾಲಿಕ ಪರಿಶೀಲನಾ ವಿರಾಮ'ದಲ್ಲಿ ಇಡಲಾಗಿದೆ ಎಂದಿತು. ಅಂದಿನಿಂದ ಜಪ್ಪಯ್ಯ ಎಂದರೂ ಕಡತ ಅಲ್ಲಾಡಿಲ್ಲ.

ತಾತ್ಕಾಲಿಕ ಎಂಬ ಪದವನ್ನು ನಿಮ್ಮ ಇಲಾಖೆಯಷ್ಟು ಧಾರಾಳವಾಗಿ ಬಳಸುವವರನ್ನು ನಾನು ಕಾಣೆ. ಸುತ್ತೋಲೆ ಬಂದಾಗ ನನ್ನ ಮಗಳು, ಊರಿನಲ್ಲಿ ಅವಳನ್ನು ಸಾಕುತ್ತಿರುವ ನನ್ನ ನಾದಿನಿಯ ಭುಜಕ್ಕೆ ಬರುತ್ತಿದ್ದಳು. ಈಗ ನಾದಿನಿಯೇ ಅವಳ ಕಿವಿಗೆ ಬರುತ್ತಾಳೆ. ಇದರ ನಡುವೆ ನಿಮ್ಮ ಜಾಲತಾಣದಲ್ಲಿ ಒಂದೇ ಸಾಲು: 'ಪರಿಶೀಲನೆಯಲ್ಲಿದೆ.' ದೂರವಾಣಿ ಮಾಡಿದರೆ ಇಂಪಾದ ದನಿಯ ಹೆಣ್ಣುಮಗಳೊಬ್ಬಳು ನನ್ನ ತಾಳ್ಮೆಗೆ ಧನ್ಯವಾದ ಹೇಳುತ್ತಾಳೆ. ಅದು ಧ್ವನಿಮುದ್ರಣ. ನನಗೆ ತಾಳ್ಮೆ ಇದೆಯೆಂದು ಆ ಯಂತ್ರಕ್ಕೆ ಹೇಳಿದವರು ಯಾರು?

ನಾನು ಯಾರೆಂದು ಹೇಳಬೇಕಲ್ಲ. ನಿಮಗೆ ನನ್ನ ಪರಿಚಯ ಇಲ್ಲದಿದ್ದರೂ ನನಗೆ ನಿಮ್ಮ ಕಚೇರಿಯ ಪರಿಚಯ ಬೇಕಾದಷ್ಟಿದೆ. ನಾನು ದರ್ಜಿ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಸಮವಸ್ತ್ರಗಳನ್ನು ಹೊಲಿದು, ತಿದ್ದಿ ಕೊಡುವ ಜಾಗವೊಂದರಲ್ಲಿ ನನ್ನ ಕೆಲಸ. ಒಂದು ಉದ್ದನೆಯ ಕೋಣೆ. ಕಿಟಕಿಯ ಕಡೆ ಹೊಲಿಗೆ ಯಂತ್ರಗಳು, ಗೋಡೆಯ ಕಡೆ ಇಸ್ತ್ರಿ ಮೇಜು, ನಡುವೆ ಬಟ್ಟೆ ಕತ್ತರಿಸುವ ಹಲಗೆ. ಕೆಳಗಿನ ಅಂಗಡಿಯವರು ಬೀಗದ ಕೈ ಉಜ್ಜುವ ಸದ್ದು ದಿನವಿಡೀ ನಮ್ಮ ಕಾಲಡಿಯಿಂದ ಬರುತ್ತಿರುತ್ತದೆ. ಪ್ರತಿ ಸೋಮವಾರ ನಿಮ್ಮ ಇಲಾಖೆಯಿಂದ ಒಂದು ಗಂಟು ಬರುತ್ತದೆ. ಕೌಂಟರಿನವರ ಕೋಟು, ಕಾವಲಿನವರ ಪ್ಯಾಂಟು, ಮೇಲಧಿಕಾರಿಗಳ ಒಳ್ಳೆಯ ಬಟ್ಟೆಯ ಸೂಟು. ಒಂದೊಂದಕ್ಕೂ ಒಂದು ಚೀಟಿ ಪಿನ್ನು ಮಾಡಿರುತ್ತದೆ: ಸೊಂಟ ಸಡಿಲಿಸಿ, ಹೊಟ್ಟೆಯ ಹತ್ತಿರ ಗುಂಡಿ ಎಳೆಯುತ್ತದೆ, ತೋಳು ಬಿಗಿ.

ನಾನು ಚೀಟಿ ಓದಿ ಹೊಲಿಗೆ ಬಿಚ್ಚುತ್ತೇನೆ. ಮೊದಲು ಹೊಲಿದವರು ಮುಂದಾಲೋಚನೆ ಇದ್ದವರಾದರೆ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರೆ. ಅದನ್ನು ಹೊರಗೆ ತಂದು, ಹೊಸ ಹೊಲಿಗೆ ಹಾಕಿ, ಇಸ್ತ್ರಿ ಮಾಡಿ ಕಳಿಸುತ್ತೇನೆ. ನಿಮ್ಮ ಸಿಬ್ಬಂದಿ ಈ ಕೆಲವು ವರ್ಷಗಳಲ್ಲಿ ಚೆನ್ನಾಗಿಯೇ ಬೆಳೆದಿದ್ದಾರೆ, ಮಾನ್ಯರೇ. ದೃಷ್ಟಿಯಾಗದಿರಲಿ. "ನೀನು ನೇಮಕವಾದಾಗ ಇದ್ದ ಅಳತೆಯಲ್ಲಿ ಈಗಿಲ್ಲ, ಆದ್ದರಿಂದ ನಿನ್ನ ನೌಕರಿ ರದ್ದು" ಎಂದು ನೀವು ಅವರಲ್ಲಿ ಒಬ್ಬರಿಗಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಅವರು ಬೆಳೆದರೆ ಹೊಲಿಗೆ ಬಿಚ್ಚಲು ನನ್ನ ಬಳಿ ಕಳಿಸುತ್ತೀರಿ. ನನ್ನ ಮಗಳು ಬೆಳೆದರೆ ಕಡತ ಮುಚ್ಚುತ್ತೀರಿ. ಇದರಲ್ಲಿ ನ್ಯಾಯ ಎಲ್ಲಿದೆ ಎಂದು ಯಾರನ್ನಾದರೂ ಕೇಳೋಣವೆಂದರೆ ನಿಮ್ಮ ಕಟ್ಟಡದಲ್ಲಿ ಉತ್ತರ ಕೊಡುವ ಕಿಟಕಿಯೇ ಇಲ್ಲ. ಇರುವ ಕಿಟಕಿಗಳೆಲ್ಲ ಕಾಗದ ತೆಗೆದುಕೊಳ್ಳುವಂಥವು.

ಗಂಡ ತೀರಿಕೊಂಡಾಗ ನನ್ನ ಮಗಳಿಗೆ ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಹೊಲಿಗೆ ಬಿಟ್ಟರೆ ನನಗೆ ಬೇರೆ ವಿದ್ಯೆಯಿಲ್ಲ. ಈ ದೇಶಕ್ಕೆ ಹೊಲಿಯುವವರು ಬೇಕಾಗಿದ್ದರು. ಬನ್ನಿ ಎಂದು ಪರವಾನಗಿ ಕೊಟ್ಟು ಕರೆದವರು ನೀವೇ, ನಿಮ್ಮದೇ ಇಲಾಖೆ. ಮಗಳನ್ನು ಗಂಡನ ತಂಗಿ ಇಟ್ಟುಕೊಂಡಳು. ಅತ್ತಿಗೆ ನಾದಿನಿ ಎಂದರೆ ಹಾವು ಮುಂಗುಸಿ ಎನ್ನುವವರು ನಮ್ಮಿಬ್ಬರನ್ನು ನೋಡಬೇಕು. ನಾನು ಹೊರಡುವ ದಿನ ಅವಳು, "ಅತ್ತಿಗೆ, ನೀವು ಅಲ್ಲಿ ಕಾಲೂರೋ ತನಕ ಇವಳು ನನ್ನ ಮಗಳು. ಆಮೇಲೆ ನಿಮ್ಮ ಮಗಳನ್ನ ನಿಮಗೆ ಒಪ್ಪಿಸ್ತೀನಿ" ಎಂದಳು. ನಾನು ಕಾಲೂರಿದೆ. ಕಾಯಂ ವಾಸದ ಹಕ್ಕು ಸಿಕ್ಕ ವಾರವೇ ಮಗಳ ಅರ್ಜಿ ಹಾಕಿದೆ. ನಾದಿನಿ ಅವಳ ಮಾತು ಉಳಿಸಿಕೊಂಡಿದ್ದಾಳೆ. ಮಾತಿಗೆ ತಪ್ಪಿದವರು ನೀವು.

ಹೋಗಿ ನೋಡಿಕೊಂಡು ಬರಬಾರದೇ ಎಂದು ಕೇಳುವವರಿದ್ದಾರೆ. ಮೊದಲು ಹೋಗುತ್ತಿದ್ದೆ. ಸುತ್ತೋಲೆಯ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಆ ದೇಶಗಳಲ್ಲಿ ಹುಟ್ಟಿದ ಕಾಯಂ ನಿವಾಸಿಗಳು ಹೊರಗೆ ಹೋದರೆ ಅವರ ಮರುಪ್ರವೇಶವೂ ಪರಿಶೀಲನೆಗೆ ಒಳಪಟ್ಟಿದೆ ಎಂದು ಬರೆದಿದ್ದೀರಿ. ಅದರ ಅರ್ಥವೇನೆಂದು ನಿಮ್ಮ ಕೌಂಟರಿನಲ್ಲಿ ಕೇಳಿದೆ. ಒಳಗಿದ್ದ ಹೆಂಗಸು ಕೆಟ್ಟವಳಲ್ಲ. ಅವಳ ಕೋಟಿನ ತೋಳನ್ನು ನಾನೇ ಇಳಿಸಿದ್ದೆ, ಗುರುತು ಹಿಡಿದೆ. ಆಕೆ ದನಿ ತಗ್ಗಿಸಿ, "ಹೋಗೋದಕ್ಕೆ ಯಾರ ಅಡ್ಡಿಯೂ ಇಲ್ಲಮ್ಮ. ವಾಪಸ್ ಬಿಡ್ತಾರಾ ಅಂತ ಮಾತ್ರ ನನ್ನ ಕೇಳಬೇಡಿ" ಎಂದಳು. ಹೋಗಿ ಅಲ್ಲೇ ಉಳಿದರೆ ಇಲ್ಲಿನ ಕೆಲಸ ಹೋಗುತ್ತದೆ, ಅರ್ಜಿ ಹಾಕಿದವಳೇ ದೇಶದಲ್ಲಿಲ್ಲವೆಂದು ಮಗಳ ಅರ್ಜಿಯೂ ಹೋಗುತ್ತದೆ. ಹೋಗದೆ ಉಳಿದರೆ ಮಗಳ ಬಾಲ್ಯ ಹೋಗುತ್ತದೆ. ನಾನು ಹೋಗದೆ ಉಳಿದೆ. ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಿಲ್ಲ.

ಇಷ್ಟು ದಿನ ಏಕೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ ಎಂದು ನೀವು ಕೇಳಬಹುದು. ನಮ್ಮಂಥವರಲ್ಲಿ ಒಂದು ನಂಬಿಕೆಯಿದೆ: ಕಡತವನ್ನು ಕೆದಕಬಾರದು. ಕೇಳಿದರೆ ಅಧಿಕಾರಿಗಳಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಕಡತ ಅಡಿಗೆ ಹೋಗುತ್ತದೆ. ಹಾಗಾಗಿ ಕಾಯುವವರು ಮನೆ ಬದಲಿಸುವುದಿಲ್ಲ, ವಿಳಾಸ ಬದಲಾದರೆ ಕಡತಕ್ಕೆ ಗೊಂದಲವಾದೀತೆಂದು. ಕೆಲಸ ಬದಲಿಸುವುದಿಲ್ಲ. ನಮ್ಮ ಪಕ್ಕದ ಕಟ್ಟಡದ ಬೇಕರಿಯಲ್ಲಿ ಒಬ್ಬ ಮನುಷ್ಯ ಬಡ್ತಿಯನ್ನೇ ಬೇಡವೆಂದ, ಅರ್ಜಿಯಲ್ಲಿ ಸಹಾಯಕ ಎಂದು ಬರೆದಿದ್ದೇನೆ, ಮುಖ್ಯಸ್ಥ ಎಂದಾದರೆ ಮೊದಲಿನಿಂದ ಶುರುಮಾಡಿ ಎಂದಾರು ಎಂಬ ಭಯಕ್ಕೆ. ತನಗಿಂತ ಆಮೇಲೆ ಬಂದವನ ಕೈಕೆಳಗೆ ಇವತ್ತೂ ಹಿಟ್ಟು ಕಲಸುತ್ತಿದ್ದಾನೆ. ನಿಮ್ಮ ಒಂದು ಸುತ್ತೋಲೆಗೆ ಇಷ್ಟು ಜನ ಇದ್ದಲ್ಲೇ, ಇದ್ದ ಹಾಗೇ, ಉಸಿರು ಬಿಗಿಹಿಡಿದು ನಿಂತಿದ್ದಾರೆ. ಇದು ನಿಮಗೆ ಗೊತ್ತಿದೆಯೇ? ಗೊತ್ತಿದ್ದರೆ ನಿದ್ದೆ ಹೇಗೆ ಬರುತ್ತದೆ?

ನಮ್ಮ ಕೋಣೆಯಲ್ಲಿ ಈ ನಂಬಿಕೆಯ ದೊಡ್ಡ ಪ್ರಚಾರಕಿ ಕಾಜಾ ಅಕ್ಕ. ಗುಂಡಿಯ ತೂತು, ಅಂದರೆ ಕಾಜಾ, ಹೊಲಿಯುವುದರಲ್ಲಿ ಅವಳದ್ದು ಎತ್ತಿದ ಕೈ. ಅದಕ್ಕೇ ಆ ಹೆಸರು. ಅವಳ ಗಂಡನ ಅರ್ಜಿಯೂ ನನ್ನ ಮಗಳ ಅರ್ಜಿ ಇರುವ ಕಪಾಟಿನಲ್ಲೇ ಕೂತಿದೆ. ನಾನು ಯಾರಿಗಾದರೂ ಬರೆಯುತ್ತೇನೆ ಎಂದಾಗಲೆಲ್ಲ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ, ಸುಮ್ಮನಿರು ಮಾರಾಯ್ತಿ, ಕಣ್ಣಿಗೆ ಬಿದ್ದರೆ ಕಷ್ಟ, ಎನ್ನುತ್ತಿದ್ದಳು. ನಾವು ಒಳ್ಳೆಯವರಾಗಿ ಇದ್ದುಬಿಟ್ಟರೆ ಕಡತ ತಾನಾಗಿಯೇ ನಡೆದು ಬರುತ್ತದೆ ಎಂದು ಅವಳು ನಂಬಿದ್ದಳು. ನಾನೂ ನಂಬಿದೆ. ನಮ್ಮ ಒಳ್ಳೆಯತನ ನಿಮಗೆ ತುಂಬಾ ಅನುಕೂಲವಾಯಿತು.

ಈಗ ಫೋಟೋದ ಕಥೆಗೆ ಬರುತ್ತೇನೆ. ಈ ಪತ್ರ ಬರೆಸಿದ್ದು ಅದೇ.

ನಿಮ್ಮ ಇಲಾಖೆಯಲ್ಲಿ ತೀರ್ಮಾನ ಮಾಡುವ ವಿಭಾಗ ಮಲಗಿದೆ. ಆದರೆ ಅವಧಿ ಮುಗಿದ ಕಾಗದಗಳನ್ನು ಹಿಡಿಯುವ ವಿಭಾಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದೆ. ವೈದ್ಯರ ಪ್ರಮಾಣಪತ್ರ ಹಳೆಯದಾಯಿತು, ಹೊಸದು ಕಳಿಸಿ. ಪೊಲೀಸರದು ಹಳೆಯದಾಯಿತು, ಹೊಸದು ಕಳಿಸಿ. ಫೋಟೋ ಹಳೆಯದಾಯಿತು, ಹೊಸದು ಕಳಿಸಿ. ಒಂದನ್ನು ಹೊಸದು ಮಾಡಿಸುವಷ್ಟರಲ್ಲಿ ಇನ್ನೊಂದು ಹಳೆಯದಾಗುತ್ತದೆ. ಹಳೆಯದಾಗುವ ತನಕ ಕಾಯಿಸಿದವರು ಯಾರು ಎಂಬ ಪ್ರಶ್ನೆಗೆ ಮಾತ್ರ ಅವಧಿಯೇ ಇಲ್ಲ. ನಾವು ತುಟಿ ಪಿಟಕ್ಕೆನ್ನದೆ ಎಲ್ಲವನ್ನೂ ಮಾಡಿಸಿ ಕಳಿಸುತ್ತಾ ಬಂದೆವು. ಮಗಳ ಫೋಟೋ ಎರಡು ಸಲ ಹೋಗಿತ್ತು. ಹೋದ ವರ್ಷದ ಕೊನೆಗೆ ಮೂರನೆಯದು ಕೇಳಿದಿರಿ. ನಾದಿನಿ ಅವಳನ್ನು ಸ್ಟುಡಿಯೋಗೆ ಕಳಿಸಿ, ಅಲ್ಲಿಂದಲೇ ನಿಮಗೆ ಕಳಿಸಿದಳು. ಕೆಲವು ವಾರಗಳ ಮೇಲೆ ನಿಮ್ಮಿಂದ ಉತ್ತರ ಬಂತು. ಇಷ್ಟು ವರ್ಷಗಳಲ್ಲಿ ಮಗಳ ಬಗ್ಗೆ ನಿಮ್ಮ ಇಲಾಖೆ ತಾನಾಗಿ ಯೋಚಿಸಿ ಬರೆದ ಒಂದೇ ಮಾತು ಅದು: 'ತಾವು ಸಲ್ಲಿಸಿರುವುದು ಈ ಹಿಂದೆ ಸಲ್ಲಿಸಿದ ಹಳೆಯ ಫೋಟೋ ಆಗಿರುತ್ತದೆ. ಇತ್ತೀಚಿನ ಫೋಟೋ ಸಲ್ಲಿಸದಿದ್ದಲ್ಲಿ ಅರ್ಜಿಯನ್ನು ಅಪೂರ್ಣವೆಂದು ಪರಿಗಣಿಸಲಾಗುವುದು.'

ನನಗೆ ಮೊದಲು ನಾದಿನಿಯ ಮೇಲೆ ಸಿಟ್ಟು ಬಂತು. ಉದಾಸೀನ ಮಾಡಿ ಹಳೆಯದನ್ನೇ ಕಳಿಸಿದ್ದಾಳೆ ಎಂದುಕೊಂಡೆ. ಫೋನಿನಲ್ಲಿ ಮೂರೂ ಫೋಟೋ ತರಿಸಿಕೊಂಡು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಿಟಕಿಯ ಬಳಿ ನಿಂತು ಒಂದಾದ ಮೇಲೊಂದು ನೋಡಿದೆ. ಮೂರರಲ್ಲೂ ಅದೇ ಹಸಿರು ಫ್ರಾಕು, ಅದೇ ಬಿಳಿ ಕಾಲರು, ಅದೇ ಎರಡು ಜಡೆ. ಆ ಫ್ರಾಕು ನಾನೇ ಹೊಲಿದು ಕಳಿಸಿದ್ದು, ಅರ್ಜಿ ಹಾಕಿದ ವರ್ಷ. ಬೆಳೆಯುವ ಮಗು ಎಂದು ಒಳಗೆ ಎಷ್ಟು ಸಾಧ್ಯವೋ ಅಷ್ಟು ಬಟ್ಟೆ ಬಿಟ್ಟು ಹೊಲಿದಿದ್ದೆ, ಬೇಕಾದಾಗ ಅವಳ ಅತ್ತೆ ಬಿಚ್ಚಿ ಅಗಲ ಮಾಡಿಕೊಡಲಿ ಎಂದು. ಮೂರನೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದಾಗ ಭುಜದ ಪಕ್ಕದಲ್ಲಿ, ತೋಳು ಸೇರುವ ಕಡೆ, ಹಸಿರು ಪಟ್ಟಿಯೊಂದು ಉಳಿದ ಬಟ್ಟೆಗಿಂತ ಗಾಢವಾಗಿ ಕಂಡಿತು. ಅದು ನಾನು ಒಳಗೆ ಬಿಟ್ಟಿದ್ದ ಬಟ್ಟೆ. ಬಿಸಿಲು ಸಾಬೂನು ಕಾಣದೆ ಬಣ್ಣ ಹಾಗೇ ಉಳಿದಿತ್ತು. ಬಿಟ್ಟದ್ದೆಲ್ಲ ಹೊರಗೆ ಬಂದಿತ್ತು, ಇನ್ನು ಬಿಚ್ಚಲು ಏನೂ ಉಳಿದಿರಲಿಲ್ಲ. ಫೋಟೋ ಹೊಸದೇ ಆಗಿತ್ತು.

ಮಗಳಿಗೆ ಫೋನು ಮಾಡಿದೆ. ಹದಿನೇಳರ ಹುಡುಗಿ ಯಾಕೆ ಹದಿಮೂರರ ಫ್ರಾಕು ಹಾಕಿಕೊಂಡು ಹೋದೆ ಎಂದು ಕೇಳಿದೆ. ಮೊದಲು ಏನೇನೋ ಹೇಳಿದಳು. ಅದು ಇಷ್ಟ, ಅಮ್ಮ ಹೊಲಿದದ್ದು, ಬೇರೆ ಬಟ್ಟೆ ಒಗೆದಿರಲಿಲ್ಲ. ಆಮೇಲೆ ನಿಜ ಹೇಳಿದಳು.

"ದೊಡ್ಡವಳಾಗೋದ್ರೊಳಗೆ ಹೋಗಬೇಕು, ದೊಡ್ಡವಳಾದ್ರೆ ಕರ್ಕೊಳ್ಳಲ್ಲ ಅಂತ ಎಲ್ರೂ ಹೇಳ್ತಿರ್ತಾರಲ್ಲ ಅಮ್ಮ. ಅದಕ್ಕೆ. ಹಿಂದೆ ಜಿಪ್ಪು ಏರ್ಲೇ ಇಲ್ಲ, ಪಿನ್ನು ಹಾಕ್ಕೊಂಡೆ. ಫೋಟೋ ತೆಗಿಯೋರು ನೆಟ್ಟಗೆ ಕೂತ್ಕೊ ನೆಟ್ಟಗೆ ಕೂತ್ಕೊ ಅಂತ ಬೈತಿದ್ರು. ನೆಟ್ಟಗೆ ಕೂತ್ರೆ ಪಿನ್ನು ಬಿಚ್ಚಿಹೋಗತ್ತೆ, ದೊಡ್ಡವಳ ಥರ ಬೇರೆ ಕಾಣ್ತೀನಿ. ಅದಕ್ಕೇ ಬೆನ್ನು ಬಗ್ಗಿಸ್ಕೊಂಡೇ ಕೂತೆ."

ಅವಳಿಗೆ ಹುಟ್ಟಿದ ತಾರೀಕು ಕಾಗದದಲ್ಲಿದೆ, ಮುಖ ನೋಡಿ ವಯಸ್ಸು ನಿರ್ಧರಿಸುವುದಿಲ್ಲ ಎಂದು ನಾನು ತಿಳಿಸಿ ಹೇಳಬಹುದಿತ್ತು. ಹೇಳಲಿಲ್ಲ. ಇನ್ನೂ ಒಂದು ವಿಷಯ ಆಗಲೇ ಹೊರಬಿತ್ತು. ಅವಳ ಬಟ್ಟೆ ಹೊಲಿಯಲು ಪ್ರತಿ ವರ್ಷ ನಾನು ಅಳತೆ ತರಿಸಿಕೊಳ್ಳುತ್ತೇನೆ. ಕೆಲವು ವರ್ಷಗಳಿಂದ ಅಳತೆ ಹೆಚ್ಚೇನೂ ಬದಲಾಗಿರಲಿಲ್ಲ. ಅಪ್ಪನ ಕಡೆಯವರ ಹಾಗೆ ಸಣಕಲು ಎಂದುಕೊಂಡಿದ್ದೆ. ಅತ್ತೆಯ ಕೈಗೆ ಟೇಪು ಕೊಡದೆ ಅವಳೇ ಹಳೆಯ ಅಳತೆಗಳನ್ನು ಒಂಚೂರು ಆಚೀಚೆ ಮಾಡಿ ಕಳಿಸುತ್ತಿದ್ದಳಂತೆ. ನಾನು ಕಳಿಸಿದ ಬಟ್ಟೆಗಳಲ್ಲಿ ಒಂದೂ ಆಗದೆ ಎಲ್ಲವೂ ಮಡಿಚಿದಂತೆಯೇ ಇವೆಯಂತೆ. ವರ್ಷಗಟ್ಟಲೆ ನಾನು ಇಲ್ಲದ ಒಬ್ಬ ಹುಡುಗಿಗೆ ಬಟ್ಟೆ ಹೊಲಿದಿದ್ದೇನೆ, ಮಾನ್ಯರೇ. ಇರುವವಳು ಅತ್ತೆಯ ಬಟ್ಟೆ ಹಾಕಿಕೊಂಡು ಓಡಾಡುತ್ತಿದ್ದಳು.

ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟಿದೆ ಎಂದು ಈಗಲಾದರೂ ಅರ್ಥವಾಯಿತೇ? ಮಕ್ಕಳು ದೊಡ್ಡವರ ಹಾಗೆ ಕಾಣಲು ಅಮ್ಮನ ಚಪ್ಪಲಿ ಹಾಕಿಕೊಂಡು ನಡೆಯುತ್ತಾರೆ. ಬೆಳೆಯುವುದನ್ನು ಕಳ್ಳತನದ ಹಾಗೆ ಮುಚ್ಚಿಡಬೇಕು ಎಂದು ಒಂದು ಮಗುವಿಗೆ ಕಲಿಸಿದ ಕೀರ್ತಿ ನಿಮ್ಮ ಸುತ್ತೋಲೆಗೇ ಸಲ್ಲಬೇಕು. ಅಷ್ಟು ಕಷ್ಟಪಟ್ಟು, ಪಿನ್ನು ಚುಚ್ಚಿಸಿಕೊಂಡು, ಬೆನ್ನು ಬಗ್ಗಿಸಿ ಅವಳು ನಿಮಗಾಗಿ ಚಿಕ್ಕವಳಾಗಿ ಉಳಿದಳು. ಅದಕ್ಕೆ ನೀವು ಕೊಟ್ಟ ಬಹುಮಾನ ಏನು? ಫೋಟೋ ಹಳೆಯದು ಎಂದಿರಿ. ನಿಮ್ಮ ವಿರಾಮವನ್ನು ನಂಬಿ ಜಗತ್ತಿನಲ್ಲಿ ನಿಜವಾಗಿ ನಿಂತುಹೋದವಳು ಅವಳೊಬ್ಬಳೇ, ಅವಳನ್ನೂ ಅಪೂರ್ಣ ಎಂದುಬಿಟ್ಟಿರಿ.

ಆ ಸಂಜೆ ಇಸ್ತ್ರಿ ಮೇಜಿನ ಹತ್ತಿರ ಕಾಜಾ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನಿರು ಎನ್ನುತ್ತಾಳೆಂದು ಕಾದಿದ್ದೆ. ಅವಳು ಬಾಯಲ್ಲಿದ್ದ ದಾರ ತೆಗೆದು, ಸೂಜಿಯನ್ನು ಅದರ ಮೆತ್ತೆಗೆ ಚುಚ್ಚಿ ಎದ್ದಳು. "ನಡಿ, ವಕೀಲರ ಹತ್ರ ಹೋಗೋಣ. ನಾನೂ ಬರ್ತೀನಿ" ಎಂದಳು. ಆಮೇಲೆ ಕೋಟು ಹಾಕಿಕೊಳ್ಳುತ್ತಾ, ಕಣ್ಣಿಗೆ ಬಿದ್ದರೆ ಬೀಳಲಿ, ಇಷ್ಟು ದಿನ ಬೀಳದೆ ಏನು ಉದ್ಧಾರವಾಯಿತು, ಎಂದು ತನಗೇ ಹೇಳಿಕೊಂಡಳು.

ವಕೀಲರಿಗೂ ಮೊದಲು ನಮ್ಮ ಕ್ಷೇತ್ರದ ಜನಪ್ರತಿನಿಧಿಯ ಕಚೇರಿಗೆ ಹೋದೆವು. ಅವರು ಮರ್ಯಾದೆಯಿಂದ ಕೂರಿಸಿ, ನಿಮಗೊಂದು ವಿಚಾರಣೆ ಕಳಿಸಿದರು. ನೀವು ಅವರಿಗೂ 'ಪರಿಶೀಲನೆಯಲ್ಲಿದೆ' ಎಂದೇ ಬರೆದಿರಿ. ಆ ಒಂದು ವಿಷಯದಲ್ಲಿ ನಿಮ್ಮನ್ನು ಮೆಚ್ಚಬೇಕು. ದರ್ಜಿಗೂ ಜನಪ್ರತಿನಿಧಿಗೂ ಭೇದ ಮಾಡಲಿಲ್ಲ. ಆಮೇಲೆ ವಕೀಲೆಯೊಬ್ಬರ ಬಳಿ ಹೋದೆವು. ಔಷಧಿ ಅಂಗಡಿಯ ಹಿಂದೆ ಚಿಕ್ಕ ಕೋಣೆ, ಕುರ್ಚಿಗಳಿಗಿಂತ ಕಡತ ಹೆಚ್ಚು. ಆಕೆ ಸುತ್ತೋಲೆಯನ್ನು ಮೊದಲಿಂದ ಕೊನೆಯವರೆಗೆ ಓದಿ, ನಿಮ್ಮ ಇಲಾಖೆಗೆ ಒಂದೇ ಪ್ರಶ್ನೆ ಬರೆದು ಕಳಿಸಿದರು: ವಿರಾಮದಲ್ಲಿರುವ ಅರ್ಜಿಗಳನ್ನು ಪರಿಶೀಲಿಸುತ್ತಿರುವ ಅಧಿಕಾರಿ ಯಾರು?

ನಿಮ್ಮ ಉತ್ತರ ನಮ್ಮ ಬಳಿಯಿದೆ. ಆ ಕೆಲಸಕ್ಕೆ ಈವರೆಗೆ ಯಾರನ್ನೂ ನೇಮಿಸಿಲ್ಲ ಎಂದು ನೀವೇ ಬರೆದಿದ್ದೀರಿ. ಕೌಂಟರಿನ ಆ ಹೆಂಗಸೂ ಹಿಂದೊಮ್ಮೆ ಇದನ್ನೇ ಹೇಳಿದ್ದಳು, ಆ ಅರ್ಜಿಗಳನ್ನು ತೆರೆಯಲು ತಮ್ಮ ಕಂಪ್ಯೂಟರಿಗೆ ಅನುಮತಿಯೇ ಇಲ್ಲವೆಂದು. ಆಗ ನಾನು ನಂಬಿರಲಿಲ್ಲ. ದೇಶದ ಭದ್ರತೆಗಾಗಿ ಪರಿಶೀಲನೆ ಎಂದು ನೀವು ಭಾಷಣಗಳಲ್ಲಿ ಹೇಳುತ್ತೀರಿ. ಪರಿಶೀಲಿಸಿ, ಬೇಡವೆಂದವರು ಯಾರು? ನನ್ನ ಬೆರಳಚ್ಚು ತೆಗೆದುಕೊಂಡಿರಿ, ಕೊಟ್ಟೆ. ಮಗಳ ಶಾಲೆಯ ಗುರುಗಳನ್ನು ವಿಚಾರಿಸಿದಿರಿ, ಸಂತೋಷ. ಇನ್ನೂ ಏನಾದರೂ ಇದ್ದರೆ ಕೇಳಿ, ತಂದು ಕೊಡುತ್ತೇನೆ. ಆದರೆ ಪರಿಶೀಲಿಸುವವರೇ ಇಲ್ಲದ ಪರಿಶೀಲನೆಯಿಂದ ದೇಶಕ್ಕೆ ಯಾವ ಭದ್ರತೆ? ಬೀಗ ಹಾಕಿದ ಕಪಾಟಿನಲ್ಲಿ ಮಕ್ಕಳ ಫೋಟೋ ಇಟ್ಟು, ಅವರಿಗೆ ವಯಸ್ಸಾಗುವುದನ್ನೇ ಕಾಯುತ್ತಾ ಕೂರುವುದಕ್ಕೆ ನನ್ನ ಭಾಷೆಯಲ್ಲಿ ಮೋಸ ಎನ್ನುತ್ತಾರೆ. ನಿಮ್ಮಲ್ಲಿ ಇದಕ್ಕೆ ನೀತಿ ಎಂದು ಹೆಸರಿರಬಹುದು. 'ಇಲ್ಲ' ಎನ್ನಬೇಕಾದರೆ ನೀವು ಕಾರಣ ಕೊಡಬೇಕು, ಸಹಿ ಹಾಕಬೇಕು, ನಾಳೆ ಯಾರಾದರೂ ಕೇಳಿದರೆ ಉತ್ತರಿಸಬೇಕು. ಸುಮ್ಮನಿದ್ದರೆ ಕ್ಯಾಲೆಂಡರೇ ನಿಮ್ಮ ಪರವಾಗಿ ಇಲ್ಲ ಎಂದುಬಿಡುತ್ತದೆ, ನೀವು ಕೈ ತೊಳೆದುಕೊಂಡು ಮನೆಗೆ ಹೋಗಬಹುದು.

ಆದ್ದರಿಂದ ನಾವು ನ್ಯಾಯಾಲಯಕ್ಕೆ ಹೋಗಿದ್ದೇವೆ. ಈ ಬಹಿರಂಗ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವ ಹೊತ್ತಿಗೆ ನಿಮಗೆ ಅದರ ಪ್ರತಿ ತಲುಪಿರುತ್ತದೆ. ನಮ್ಮ ಪರವಾಗಿ ತೀರ್ಮಾನಿಸಿ ಎಂದು ನ್ಯಾಯಾಲಯವು ನಿಮಗೆ ಹೇಳಲಾರದು, ಆದರೆ ಏನಾದರೊಂದು ತೀರ್ಮಾನಿಸಿ ಎಂದು ಹೇಳಬಲ್ಲದು ಎಂದು ವಕೀಲೆ ಮೊದಲೇ ಬಿಡಿಸಿ ಹೇಳಿದ್ದಾರೆ. ನಮಗೆ ಅಷ್ಟೇ ಸಾಕು. ಕಾಜಾ ಅಕ್ಕ ಸಹಿ ಹಾಕಿದ್ದಾಳೆ. ಬೇಕರಿಯ ಆ ಮನುಷ್ಯ ಎರಡು ಸಲ ಬಾಗಿಲ ತನಕ ಬಂದು ವಾಪಸು ಹೋದ, ಮೂರನೆಯ ಸಲ ಒಳಗೆ ಬಂದು ಸಹಿ ಹಾಕಿದ. ಅವನ ಕೈಯಲ್ಲಿದ್ದ ಹಿಟ್ಟು ಕಾಗದದ ಮೂಲೆಗೆ ಅಂಟಿದೆ. ಅದನ್ನು ಯಾರೂ ಒರೆಸಲಿಲ್ಲ, ಹಾಗೇ ನ್ಯಾಯಾಲಯಕ್ಕೆ ಹೋಗಿದೆ. ನಮ್ಮ ಅಂಗಡಿಯ ಯಜಮಾನರಿಗೆ ವಿಷಯ ತಿಳಿಸಿದೆ. ನಿಮ್ಮ ಗಂಟು ಬರುವುದು ನಿಂತರೆ ನಮ್ಮ ಅರ್ಧ ಕೆಲಸ ನಿಲ್ಲುತ್ತದೆ ಎಂದು ಅವರಿಗೆ ಚಿಂತೆ. ಕೋಣೆಯ ತುದಿಯವರೆಗೆ ಹೋಗಿ ಬಂದು, ಬರಿ, ಆದರೆ ಅಂಗಡಿಯ ಹೆಸರು ಹಾಕಬೇಡ, ಎಂದರು. ನನ್ನ ಹೆಸರು ಇಲ್ಲಿ ಇಲ್ಲದಿರುವುದಕ್ಕೆ ಅದೇ ಕಾರಣ. ಮೊಕದ್ದಮೆಯಲ್ಲಿ ನನ್ನ ಹೆಸರು ಪೂರ್ತಿಯಾಗಿದೆ, ಓದಿಕೊಳ್ಳಿ.

ನನ್ನ ಬೇಡಿಕೆ ದೊಡ್ಡದಲ್ಲ. ಕಪಾಟು ತೆರೆಯಿರಿ. ಒಬ್ಬ ಮನುಷ್ಯನನ್ನು, ಕಣ್ಣು ಮತ್ತು ಪೆನ್ನು ಎರಡೂ ಇರುವ ಒಬ್ಬನನ್ನು, ಅದರ ಮುಂದೆ ಕೂರಿಸಿ. ನನ್ನ ಮಗಳಿಗೆ ಹದಿನೆಂಟು ತುಂಬುವ ಮೊದಲು ಅವಳ ಅರ್ಜಿಯ ಮೇಲೆ ಹೂಂ ಎನ್ನಿ, ಇಲ್ಲವೇ ಊಹೂಂ ಎನ್ನಿ. ಊಹೂಂ ಎಂದರೆ ಕಾರಣ ಬರೆದು ಕೆಳಗೆ ನಿಮ್ಮ ಹೆಸರು ಹಾಕಿ. ನಿಮ್ಮದೇ ತಡದಿಂದ ಯಾವ ಮಗುವಿಗಾದರೂ ವಯಸ್ಸು ಮೀರಿದ್ದರೆ, ಅರ್ಜಿ ಹಾಕಿದ ದಿನದ ವಯಸ್ಸನ್ನೇ ಲೆಕ್ಕಕ್ಕೆ ಹಿಡಿಯಿರಿ. ತಪ್ಪು ನಿಮ್ಮದು, ಹುಟ್ಟಿದ ತಾರೀಕು ಅವರದು. ಎರಡನ್ನೂ ಅವರ ತಲೆಗೇ ಕಟ್ಟಬೇಡಿ.

ನೀವು ಕೇಳಿದ ಇತ್ತೀಚಿನ ಫೋಟೋವನ್ನು ಮೊಕದ್ದಮೆಯ ಕಾಗದಗಳ ಜೊತೆ ಲಗತ್ತಿಸಿದ್ದೇವೆ. ಹೋದ ತಿಂಗಳು ತೆಗೆಸಿದ್ದು. ಅತ್ತೆಯ ಅಂಗಿ ಹಾಕಿಕೊಂಡು, ಕೂದಲು ಬಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳೆ. ಅದನ್ನು ನೋಡಿದಾಗ ಒಂದು ಕ್ಷಣ ನನಗೇ ಗುರುತು ಸಿಗಲಿಲ್ಲ. ಆಮೇಲೆ ಅವಳಿಗೆ ಫೋನು ಮಾಡಿ, ಈಗಲಾದರೂ ನಿಜವಾದ ಅಳತೆ ಹೇಳು, ಹಾಕಿಕೊಂಡು ಬರಲು ಒಂದು ಒಳ್ಳೆಯ ಬಟ್ಟೆ ಹೊಲಿದಿಡುತ್ತೇನೆ ಎಂದೆ.

"ಹೇಳಲ್ಲ" ಎಂದಳು. "ಇನ್ನು ಫೋನಲ್ಲಿ ಅಳತೆ ಕೊಡಲ್ಲ. ಬಂದ ಮೇಲೆ ನೀನೇ ಟೇಪು ಹಿಡಿದು ತಗೋ."

ಈ ಸೋಮವಾರವೂ ನಿಮ್ಮ ಗಂಟು ಬಂದಿದೆ. ಮೇಲೆಯೇ ಒಂದು ಒಳ್ಳೆಯ ಬಟ್ಟೆಯ ಸೂಟು, ಕಾಲರಿನ ಒಳಗೆ ನಿಮ್ಮ ಹುದ್ದೆ ಬರೆದ ಬಟ್ಟೆಪಟ್ಟಿ ಹೊಲಿದಿದೆ. ಸೊಂಟ ಸ್ವಲ್ಪ ಸಡಿಲಿಸಬೇಕು, ತುರ್ತು, ಎಂದು ಚೀಟಿಯಿದೆ. ಬಿಚ್ಚಿ ನೋಡಿದೆ, ಒ‍ಳಗೆ ಬಟ್ಟೆ ಇದೆ. ಶುಕ್ರವಾರಕ್ಕೆ ಸಿದ್ಧವಾಗಿರುತ್ತದೆ. ನಮ್ಮಲ್ಲಿ ಕೊಟ್ಟ ಕೆಲಸವನ್ನು ವಿರಾಮದಲ್ಲಿ ಇಡುವುದಿಲ್ಲ.

ಇಂತಿ,
ನಿಮ್ಮ ಸೊಂಟದ ಅಳತೆ ಬಾಯಿಪಾಠವಿರುವ,
ಸ್ವಂತ ಮಗಳ ಅಳತೆ ಗೊತ್ತಿಲ್ಲದ
ಒಬ್ಬ ದರ್ಜಿ